ತೆಗೆದುಹಾಕಿದ ಎರಡು ಸಾಲು

ಹಲ್ಲಿನ ಡಾಕ್ಟರ ಹತ್ತಿರ ಬರುವವರು ಯಾರಾದರೂ ತಮ್ಮ ನೋವನ್ನು ನೆಟ್ಟಗೆ ಹೇಳಿದ್ದುಂಟೇ? ಕೆನ್ನೆಗೆ ಅಂಗೈ ಒತ್ತಿಕೊಂಡು ಒಳಗೆ ಬಂದವರು ಕಿವಿ ನೋವು ಅನ್ನುತ್ತಾರೆ. ಮೇಲಿನ ಹಲ್ಲು ಹುಳುಕಾಗಿದ್ದರೆ ಕೆಳಗಿನದನ್ನು ಮುಟ್ಟಿ ತೋರಿಸುತ್ತಾರೆ. ಇನ್ನು ಕೆಲವರು ತಂಗಿಯ ಮನೆಗೆ ಹೋದ ಕಥೆಯಿಂದ ಶುರುಮಾಡಿ, ಅಲ್ಲಿ ಮಂಚ ಸರಿಯಿರಲಿಲ್ಲ, ನಿದ್ದೆ ಬರಲಿಲ್ಲ ಎಂದೆಲ್ಲ ಹೇಳಿ, ಹಲ್ಲಿನ ಸುದ್ದಿಗೆ ಬರುವಷ್ಟರಲ್ಲಿ ಹಿಂದಿನವರು ಕೆಮ್ಮಲು ಶುರುಮಾಡಿರುತ್ತಾರೆ.

ಬಾಗಿಲ ಪಕ್ಕದ ಮೇಜಿನ ಹಿಂದೆ ಕೂತು ಹೆಸರು ಬರೆದುಕೊಳ್ಳುವ ಆಕೆಗೆ ಇದೇನೂ ಹೊಸದಲ್ಲ. ಈ ಮೇಜಿಗೆ ಬಂದಾಗ ಆಕೆಯ ತಲೆಯಲ್ಲಿ ಒಂದೂ ಬಿಳಿ ಕೂದಲಿರಲಿಲ್ಲ. ಈಗ ಕರಿಯದನ್ನು ಹುಡುಕಬೇಕು. ಬಂದವರನ್ನು ಬೆಂಚಿನ ಮೇಲೆ ಕೂರಿಸಿ, ಒಂದು ಲೋಟ ನೀರು ಕೊಟ್ಟು, “ನಿಧಾನವಾಗಿ ಹೇಳಿ, ಏನೂ ಬಿಡಬೇಡಿ” ಎನ್ನುವುದು ಆಕೆಯ ಪದ್ಧತಿ. ಒಮ್ಮೆ ಆಕೆ ರಜೆ ಹಾಕಿದ್ದಾಗ ಬದಲಿಗೆ ಕೂತವಳೊಬ್ಬಳು, “ಯಾವ ಹಲ್ಲು ಅಂತ ಸರಿಯಾಗಿ ಹೇಳೋಕೆ ಬರದಿದ್ರೆ ಯೋಚನೆ ಮಾಡ್ಕೊಂಡು ನಾಳೆ ಬನ್ನಿ” ಎಂದು ಒಬ್ಬ ಮುದುಕರನ್ನು ವಾಪಸು ಕಳಿಸಿದ್ದಳಂತೆ. ಆಕೆ ಮರಳಿ ಬಂದು ಅವಳಿಗೆ ಮಾಡಿದ ಮಂಗಳಾರತಿಯನ್ನು ಡಾಕ್ಟರು ಈಗಲೂ ನೆನೆಸಿಕೊಂಡು ನಗುತ್ತಾರೆ. “ಹಲ್ಲಿನ ಲೆಕ್ಕ ಅವರಿಗೆ ಗೊತ್ತಿದ್ರೆ ನಮ್ಮ ಹತ್ರ ಯಾಕ್ರೀ ಬರ್ತಿದ್ರು?” ಎಂದು ಆಕೆ ಅವತ್ತು ಕೂಗಿದ್ದು ಬೀದಿಯ ಆಚೆಯ ಕನ್ನಡಕದ ಅಂಗಡಿಗೂ ಕೇಳಿಸಿತ್ತು.

ಆಕೆಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಇದನ್ನು ಮೊದಲು ಹೇಳಿದವರು ಅತ್ತೆ, ಒಪ್ಪಿಕೊಂಡವರು ಮಿಕ್ಕವರೆಲ್ಲ. ಬಸ್ಸು ಓಡಿಸುವ ಗಂಡ ಮಾತ್ರ ಜಾಣ. ಒಪ್ಪುವುದೂ ಇಲ್ಲ, ಅಲ್ಲವೆನ್ನುವುದೂ ಇಲ್ಲ.

ಆಕೆಗೆ ಪ್ರಶ್ನೋತ್ತರದ ಸೈಟಿನ ಗೀಳು ಹತ್ತಿದ್ದು ಬಟ್ಟೆ ಒಗೆಯುವ ಮೆಷಿನ್ನಿನಿಂದ. ಹೊಸ ಮೆಷಿನ್ನು ತಂದ ದಿನ ಅದು ಬಟ್ಟೆ ಹಿಂಡುವಾಗ ಧಡಧಡ ಕುಣಿಯುತ್ತ ಗೋಡೆಯಿಂದ ಹೊರಟು ಬಾಗಿಲಿಗೆ ಬಂದು ನಿಂತಿತ್ತು. ಅತ್ತೆ ಹೆದರಿ ಕುರ್ಚಿ ಹತ್ತಿದ್ದರು. ಮನೆ ರಿಪೇರಿಯ ಪ್ರಶ್ನೆಗಳಿಗೆಂದೇ ಇರುವ ಸೈಟೊಂದರಲ್ಲಿ ಆಕೆ, “ನಮ್ಮ ಮೆಷಿನ್ನು ನಡೆದಾಡುತ್ತಿದೆ, ಏನು ಮಾಡಲಿ?” ಎಂದು ಬರೆದಳು. ಅಷ್ಟೇ. ಯಾವ ಕಂಪನಿ, ಯಾವ ಮಾದರಿ, ಒಂದೂ ಇಲ್ಲ. ಯಾರೋ ಪುಣ್ಯಾತ್ಮರು, “ಹಿಂಬದಿಯಲ್ಲಿ ಸಾಗಣೆಗೆ ಹಾಕಿದ ಬೋಲ್ಟುಗಳಿರುತ್ತವೆ, ಬಿಚ್ಚಿದ್ದೀರಾ ತಾಯೀ?” ಎಂದು ಉತ್ತರಿಸಿದರು. ಬಿಚ್ಚಿರಲಿಲ್ಲ. ಬಿಚ್ಚಿದ ಮೇಲೆ ಮೆಷಿನ್ನು ಬಾಲ ಮುದುರಿಕೊಂಡು ಮೂಲೆಯಲ್ಲಿ ನಿಂತಿತು. ಅವತ್ತಿನಿಂದ ಆಕೆ ಆ ಸೈಟಿನ ಸದಸ್ಯೆ. ಅಲ್ಲಿ ಆಕೆಯ ಹೆಸರು ‘ಇಕ್ಕಳ’. ಹೆಸರಿಟ್ಟವನು ಗಂಡ. “ಹಿಡಿದ್ರೆ ಬಿಡೋಳಲ್ಲವಲ್ಲ ನೀನು” ಎಂದು ಕಾರಣವನ್ನೂ ಕೊಟ್ಟಿದ್ದ.

ವರ್ಷಗಟ್ಟಲೆ ಅಲ್ಲಿದ್ದವರಿಗೆ ಸೈಟು ಒಂದು ಕೆಲಸ ಕೊಡುತ್ತದೆ, ಸಂಬಳವಿಲ್ಲದ್ದು. ಹೊಸಬರು ಕೇಳುವ ಮೊದಲ ಪ್ರಶ್ನೆಗಳೆಲ್ಲ ಒಂದು ಸಾಲಿನಲ್ಲಿ ಬಂದು ನಿಲ್ಲುತ್ತವೆ. ಹಳಬರು ಒಂದೊಂದನ್ನೇ ಓದಿ, ಸರಿಯಿದ್ದರೆ ಒಳಗೆ ಬಿಡಬೇಕು, ಕೊಂಚ ಸೊಟ್ಟಗಿದ್ದರೆ ತಿದ್ದಬೇಕು, ಕೆಲಸಕ್ಕೆ ಬಾರದಿದ್ದರೆ ಮುಚ್ಚಲು ಮತ ಹಾಕಬೇಕು. ಮೂರು ಮತ ಬಿದ್ದರೆ ಪ್ರಶ್ನೆಯ ಬಾಗಿಲು ಬಂದ್. ಆಮೇಲೆ ಯಾರೂ ಅದಕ್ಕೆ ಉತ್ತರ ಬರೆಯುವಂತಿಲ್ಲ. ಕ್ಲಿನಿಕ್ಕಿನಲ್ಲಿ ಒಳಗಿನ ಡ್ರಿಲ್ಲು ಗುಂಯ್‌ಗುಡುತ್ತಿರುವಾಗ, ಬೆಂಚು ಖಾಲಿಯಿದ್ದಾಗ, ಆಕೆ ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ ಈ ಕೆಲಸ ಮಾಡುತ್ತಿದ್ದಳು. ಡಾಕ್ಟರಿಗೆ ಗೊತ್ತಿತ್ತು. ಅವರ ಮನೆಯ ಸೋರುವ ನಲ್ಲಿಗೂ ಅಲ್ಲಿಂದಲೇ ಪರಿಹಾರ ಸಿಕ್ಕಿದ್ದರಿಂದ ಸುಮ್ಮನಿದ್ದರು.

ಆ ಸಾಲಿನಲ್ಲಿ ಆಕೆಯ ಮೈ ಉರಿಸುತ್ತಿದ್ದವನು ಒಬ್ಬನೇ. ಸೈಟಿನಲ್ಲಿ ಅವನ ಹೆಸರು ‘ಅಚ್ಚುಕಟ್ಟು’. ಅವನ ಮುಖ ಯಾರೂ ನೋಡಿಲ್ಲ, ಊರು ಯಾರಿಗೂ ಗೊತ್ತಿಲ್ಲ. ಹೆಚ್ಚು ಪ್ರಶ್ನೆ ಪರಿಶೀಲಿಸಿದವರಿಗೆ ಸೈಟು ಕೊಡುವ ಪದಕಗಳೆಲ್ಲ ಅವನ ಹೆಸರಿನ ಮುಂದೆ ತೂಗಾಡುತ್ತವೆ. ಯಾಕೆ ತೂಗಾಡುವುದಿಲ್ಲ? ಆಕೆ ಒಂದು ಪ್ರಶ್ನೆ ಓದಿ ಮುಗಿಸುವಷ್ಟರಲ್ಲಿ ಅವನು ಒಂದು ಡಜನ್ನು ಮುಚ್ಚಿರುತ್ತಿದ್ದ! ‘ನಮಸ್ಕಾರ’ ಎಂದಿದ್ದರೆ ಅಳಿಸು, ‘ದಯವಿಟ್ಟು’ ಎಂದಿದ್ದರೆ ಅಳಿಸು, ‘ಬೇಗ ಹೇಳಿ’ ಎಂದಿದ್ದರೆ ಮುಚ್ಚೇಬಿಡು. ಕಸಬರಿಗೆ ಹಿಡಿದವನಿಗೆ ನೆಲದ ಮೇಲಿರುವುದೆಲ್ಲ ಕಸವಾಗಿಯೇ ಕಂಡರೆ ಏನು ಮಾಡುವುದು ಸ್ವಾಮೀ?

ಚಳಿ ಹಿಡಿದಿದ್ದ ದಿನಗಳು. ಬೆಳಿಗ್ಗೆ ಬೆಂಚಿನ ಮೇಲೆ ಒಬ್ಬರೇ ಇದ್ದರು, ಅವರೂ ಅರಿವಳಿಕೆ ಚುಚ್ಚಿಸಿಕೊಂಡು ತುಟಿ ಮರಗಟ್ಟಲಿ ಎಂದು ಕಾಯುತ್ತಿದ್ದರು. ಆಕೆ ಸಾಲು ತೆರೆದಳು. ಮೊದಲಿಗೆ ಕಂಡದ್ದು ಈ ಪ್ರಶ್ನೆ:

“ಎಲ್ಲರಿಗೂ ನಮಸ್ಕಾರ. ನಾನು ಹೊಸಬ, ತಪ್ಪಿದ್ದರೆ ಕ್ಷಮಿಸಿ. ಬಚ್ಚಲಲ್ಲಿ ಹೊಸದಾಗಿ ಗ್ಯಾಸ್ ಗೀಸರ್ ಹಾಕಿಸಿದ್ದೇವೆ. ನೀರು ತುಂಬಾ ಬಿಸಿ ಬರುತ್ತದೆ ಅಂತ ಕಾಣುತ್ತದೆ. ಸ್ನಾನ ಮಾಡಿದರೆ ನನ್ನ ಹೆಂಡತಿಗೆ ತಲೆಸುತ್ತು, ವಾಕರಿಕೆ. ಮೊನ್ನೆ ಗೋಡೆ ಹಿಡಿದುಕೊಂಡು ಹೊರಗೆ ಬಂದಳು. ಚಳಿಗೆ ಅಂತ ಬಚ್ಚಲ ಕಿಟಕಿಗೆ ಪೂರ್ತಿ ಪ್ಲಾಸ್ಟಿಕ್ ಅಂಟಿಸಿದ್ದೇವೆ, ಹಾಗಾಗಿ ತಣ್ಣನೆ ಗಾಳಿ ಬಡಿದು ಹೀಗಾಗುತ್ತಿಲ್ಲ. ಗೀಸರಿನ ಬಿಸಿ ಕಡಿಮೆ ಮಾಡುವುದು ಹೇಗೆ? ದಯವಿಟ್ಟು ಬೇಗ ಹೇಳಿ.”

ಕಿಟಕಿಯ ಸಾಲು ಓದಿದವಳೇ ಮತ್ತೆ ತಲೆಸುತ್ತಿನ ಸಾಲಿಗೆ ಹೋದಳು. ಇನ್ನೊಮ್ಮೆ ಓದಿದಳು. ಒಳಗೆ ಕೈತೊಳೆಯುತ್ತಿದ್ದ ಡಾಕ್ಟರನ್ನು ಕರೆದು ತೋರಿಸಿದಳು.

“ಡಾಕ್ಟ್ರೇ, ಇದು ಬಿಸಿನೀರಿನ ತೊಂದ್ರೆ ಅಲ್ಲ ಅಲ್ವಾ?”

ಡಾಕ್ಟರು ಕನ್ನಡಕ ಮೇಲೇರಿಸಿ ಓದಿದರು. “ನೀರಿಂದಲ್ಲಮ್ಮಾ. ಗಾಳಿ ಆಡದ ಬಚ್ಚಲಲ್ಲಿ ಗ್ಯಾಸ್ ಉರಿದ್ರೆ ವಿಷಗಾಳಿ ತುಂಬತ್ತೆ. ವಾಸನೆ ಇರಲ್ಲ, ಗೊತ್ತೇ ಆಗಲ್ಲ. ಬೇಗ ಹೇಳಿಬಿಡು ಆ ಮನುಷ್ಯನಿಗೆ.”

ಹೇಳೋಣವೆಂದು ತಿರುಗಿದರೆ, ಪ್ರಶ್ನೆ ಮುಚ್ಚಿ ಹೋಗಿತ್ತು! ಮೂರು ಮತ. ಮೊದಲನೆಯದು ಅಚ್ಚುಕಟ್ಟುವಿನದು, ಮಿಕ್ಕಿಬ್ಬರು ಅವನು ಹಾಕಿದ್ದಾನೆಂದು ಹಾಕಿದವರು. ಕೆಳಗೆ ಕಾರಣ: “ವಿವರ ಸಾಲದು. ಮಾದರಿ ಸಂಖ್ಯೆ ಇಲ್ಲ. ಆರೋಗ್ಯದ ಪ್ರಶ್ನೆಗಳಿಗೆ ಇದು ಜಾಗವಲ್ಲ.”

ಅಲ್ಲ, ವಿವರ ಸಾಲದಂತೆ! ತಲೆಸುತ್ತು ಬರೆದಿದ್ದಾನೆ, ಕಿಟಕಿ ಬರೆದಿದ್ದಾನೆ, ಹೆಂಡತಿ ಗೋಡೆ ಹಿಡಿದು ಬಂದದ್ದನ್ನೂ ಬರೆದಿದ್ದಾನೆ. ಇನ್ನೇನು ಆ ಹೆಂಗಸು ತಾನೇ ಬಂದು ಸಹಿ ಹಾಕಬೇಕಿತ್ತೇ?

ಸೈಟಿನಲ್ಲಿ ಒಬ್ಬರು ಇನ್ನೊಬ್ಬರಿಗೆ ಗುಟ್ಟಾಗಿ ಬರೆಯುವ ದಾರಿಯಿಲ್ಲ. ಮುಚ್ಚಿದ ಪ್ರಶ್ನೆಯ ಕೆಳಗೆ ಪ್ರತಿಕ್ರಿಯೆ ಬರೆಯಲು ಒಂದು ಪುಟ್ಟ ಚೌಕ ಮಾತ್ರ ತೆರೆದಿರುತ್ತದೆ. ಆಕೆ ಅದರಲ್ಲೇ ಬರೆದಳು: “ಗೀಸರ್ ಬಳಸಬೇಡಿ. ಗ್ಯಾಸ್ ಬಂದ್ ಮಾಡಿ. ಕಿಟಕಿಯ ಪ್ಲಾಸ್ಟಿಕ್ ಕಿತ್ತುಹಾಕಿ. ಬಚ್ಚಲಲ್ಲಿ ವಿಷಗಾಳಿ ತುಂಬುತ್ತಿದೆ. ಹೆಂಡತಿಯನ್ನು ಇವತ್ತೇ ಡಾಕ್ಟರಿಗೆ ತೋರಿಸಿ.”

ತುಟಿ ಮರಗಟ್ಟಿದವರನ್ನು ಒಳಗೆ ಕಳಿಸಿ, ಫೋನೆರಡು ಎತ್ತಿ ಬಂದು ನೋಡಿದರೆ ಆಕೆಯ ಮಾತು ಮಾಯ. ಅದರ ಜಾಗದಲ್ಲಿ ಒಂದೇ ಸಾಲು: “ಉತ್ತರಗಳನ್ನು ಪ್ರತಿಕ್ರಿಯೆಯಲ್ಲಿ ಬರೆಯಬಾರದು.”

ಆಕೆಗೆ ತಲೆಯಿಂದ ಕಾಲಿನವರೆಗೆ ಉರಿಯಿತು. ಹಳಬರು ಮಾತಾಡಿಕೊಳ್ಳುವ ಒಳಕೋಣೆಯೊಂದು ಸೈಟಿನಲ್ಲಿದೆ. ನೇರ ಅಲ್ಲಿಗೆ ನುಗ್ಗಿದಳು.

“ಯಾರ್ರೀ ಅದು ನನ್ನ ಮಾತು ಅಳಿಸಿದ್ದು?”

ಅಚ್ಚುಕಟ್ಟು ಅಲ್ಲೇ ಇದ್ದ. “ನಾನೇ ಮೇಡಂ. ಪ್ರತಿಕ್ರಿಯೆ ಇರೋದು ಸ್ಪಷ್ಟನೆ ಕೇಳೋಕೆ, ಉತ್ತರ ಕೊಡೋಕಲ್ಲ. ನಿಮಗೆ ಗೊತ್ತಿಲ್ದೇ ಇರೋದಾ?”

“ಪ್ರಶ್ನೆ ಮುಚ್ಚಿ ಕೂತಿದೀರಿ. ಉತ್ತರ ಎಲ್ಲಿ ಬರೀಲಿ, ನಿಮ್ಮ ಹಣೆ ಮೇಲಾ?”

“ಪ್ರಶ್ನೆ ತಿದ್ದಿ ಸರಿಯಾದ ಮೇಲೆ ತೆರೀತೀವಿ. ಆಗ ಬರೀರಿ. ಅವಸರ ಏನಿದೆ?”

“ಅವಸರ ಏನಿದೆಯಾ? ಆ ಹೆಣ್ಣುಮಗಳು ಇವತ್ತು ಸ್ನಾನ ಮಾಡಲ್ವಾ?”

“ಹೊಸಬರೆಲ್ಲ ಬೇಗ ಹೇಳಿ ಅಂತಾನೇ ಬರೀತಾರೆ ಮೇಡಂ. ಎಲ್ಲಾದಕ್ಕೂ ಓಡೋಕಾಗತ್ತಾ?”

“ಪ್ರಶ್ನೆ ಕೊನೇವರೆಗೂ ಓದಿದ್ರಾ ನೀವು? ಎದೆ ಮುಟ್ಕೊಂಡು ಹೇಳಿ.”

“ದಿನಾ ನೂರಾರು ನೋಡ್ತೀನಿ ನಾನು.”

“ನೋಡೋದು ಬೇರೆ, ಓದೋದು ಬೇರೆ ಕಣಯ್ಯಾ!”

ಆ ‘ಕಣಯ್ಯಾ’ ಮುಳುವಾಯಿತು. ಸ್ವಲ್ಪ ಹೊತ್ತಿನಲ್ಲೇ ಸೈಟಿನ ಮೇಲ್ವಿಚಾರಕರಿಂದ ಸಂದೇಶ ಬಂತು: ಸಹಸದಸ್ಯರೊಡನೆ ಅಗೌರವದ ಭಾಷೆ ಬಳಸಿದ್ದರಿಂದ ಇಕ್ಕಳ ಅವರ ಪರಿಶೀಲನೆಯ ಹಕ್ಕನ್ನು ಒಂದು ವಾರ ತಡೆಹಿಡಿಯಲಾಗಿದೆ. ನೋಡಿ ಹೇಗಿದೆ! ಒಬ್ಬಳು ಗೋಡೆ ಹಿಡಿದು ನಡೆಯುತ್ತಿದ್ದಾಳೆ, ಇವರಿಗೆ ಏಕವಚನದ ಚಿಂತೆ.

ಮಧ್ಯಾಹ್ನ ಇನ್ನೊಮ್ಮೆ ನೋಡಿದಾಗ ಪ್ರಶ್ನೆ ತೆರೆದಿತ್ತು. ಅಬ್ಬಾ ಎಂದುಕೊಂಡಳು. ಆ ಹೊಸಬ ಪಾಪ, ಹೇಳಿದ ಹಾಗೆ ಮಾದರಿ ಸಂಖ್ಯೆ ತಂದು ಸೇರಿಸಿದ್ದ. ಆದರೆ ಅವನು ಬರೆದಿದ್ದ ಮಿಕ್ಕದ್ದೆಲ್ಲ ಎಲ್ಲಿ? ಈಗ ಅಲ್ಲಿದ್ದದ್ದು ಇಷ್ಟೇ: “ಈ ಮಾದರಿಯ ಗ್ಯಾಸ್ ಗೀಸರಿನಲ್ಲಿ ನೀರಿನ ಬಿಸಿ ಕಡಿಮೆ ಮಾಡುವುದು ಹೇಗೆ?” ನಮಸ್ಕಾರ ಹೋಗಿತ್ತು, ಕ್ಷಮಿಸಿ ಹೋಗಿತ್ತು, ಹೋಗಲಿ. ತಲೆಸುತ್ತಿನ ಸಾಲೂ ಹೋಗಿತ್ತು. ಕಿಟಕಿಯ ಸಾಲೂ ಹೋಗಿತ್ತು.

ಸೈಟಿನಲ್ಲಿ ಏನು ತಿದ್ದಿದರೂ ಹಳೆಯ ರೂಪ ಹಿಂದೆ ಉಳಿದಿರುತ್ತದೆ, ತಿದ್ದಿದವರ ಹೆಸರೂ ಕಾರಣವೂ ಜೊತೆಗಿರುತ್ತವೆ. ತೆರೆದು ನೋಡಿದಳು. ತಿದ್ದಿದವನು ಅಚ್ಚುಕಟ್ಟು. ಕಾರಣ: “ಮನೆಯ ಕಥೆ ತೆಗೆದು ಚೊಕ್ಕ ಮಾಡಿದೆ.”

ಚೊಕ್ಕ ಮಾಡಿದನಂತೆ! ಚೊಕ್ಕ ಪ್ರಶ್ನೆಗೆ ಅಷ್ಟೇ ಚೊಕ್ಕ ಉತ್ತರವೂ ಬಂದಿತ್ತು. ಯಾರೋ ಸಂಭಾವಿತರು ಚಿತ್ರ ಸಮೇತ ವಿವರಿಸಿದ್ದರು: ಎಡಗಡೆಯ ತಿರುಗಣೆಯನ್ನು ಸಣ್ಣ ಉರಿಯ ಗುರುತಿಗೆ ತಿರುಗಿಸಿ. ಅವರದೇನು ತಪ್ಪು, ಅವರ ಕಣ್ಣಿಗೆ ಬಿದ್ದದ್ದೇ ಅಷ್ಟು. ಹತ್ತಾರು ಮೆಚ್ಚುಗೆ ಬಿದ್ದಿದ್ದವು. ಹೊಸಬ ಅದೇ ಸರಿಯುತ್ತರವೆಂದು ಹಸಿರು ಗುರುತನ್ನೂ ಹಾಕಿಬಿಟ್ಟಿದ್ದ. ತೊಂದರೆ ತೀರಿತೆಂದು ನೆಮ್ಮದಿಯಾಗಿ ಕೆಲಸಕ್ಕೆ ಹೋಗಿರಬೇಕು.

ಹಲ್ಲುನೋವಿನ ಹೆಂಗಸೊಬ್ಬರು ಮೇಜಿನ ಮುಂದೆ ಬಂದು ನಿಂತಿದ್ದರು. “ಒಂದು ನಿಮಿಷ ತಡೀರಮ್ಮಾ, ಇಲ್ಲೊಂದು ಜೀವದ ವಿಷಯ” ಎಂದಳು. ಆಕೆಯ ಮುಖ ನೋಡಿ ಅವರು ಸುಮ್ಮನೆ ಬೆಂಚಿಗೆ ಹೋಗಿ ಕೂತರು. ಪರಿಶೀಲನೆಯ ಹಕ್ಕು ಹೋಗಿದ್ದರೂ ತೆರೆದ ಪ್ರಶ್ನೆಗೆ ಉತ್ತರ ಬರೆಯುವುದನ್ನೂ ಅದನ್ನು ತಿದ್ದುವುದನ್ನೂ ಯಾರೂ ತಡೆದಿರಲಿಲ್ಲ. ಬೆಳಿಗ್ಗೆ ಹೇಳಿದ್ದನ್ನೇ ಇನ್ನೂ ಬಿಡಿಸಿ ಬರೆದಳು. ಬಿಸಿ ಕಡಿಮೆ ಮಾಡಿದರೆ ವಿಷಗಾಳಿ ನಿಲ್ಲುವುದಿಲ್ಲ, ಗೀಸರನ್ನು ಬಚ್ಚಲಿನಿಂದ ಹೊರಗೆ ಹಾಕಿಸುವವರೆಗೆ ಹಚ್ಚಲೇಬೇಡಿ, ಒಳಗಿರುವವರು ಕೂಗಿದರೆ ಓಗೊಡದಿದ್ದರೆ ಬಾಗಿಲು ಮುರಿಯಿರಿ ಎಂದಳು.

ಅದರ ಕೆಳಗೆ ಒಂದರ ಹಿಂದೊಂದು ವಿರೋಧದ ಮತ ಬಿತ್ತು. ಜೊತೆಗೆ ಅಚ್ಚುಕಟ್ಟುವಿನ ಟಿಪ್ಪಣಿ: “ಇದು ಕೇಳಿದ ಪ್ರಶ್ನೆಗೆ ಉತ್ತರವಲ್ಲ. ಪ್ರಶ್ನೆಯಲ್ಲಿ ತಲೆಸುತ್ತಿನ ಪ್ರಸ್ತಾಪವೇ ಇಲ್ಲ.”

ತೆಗೆದವರೂ ಇವರೇ, ಇಲ್ಲವೆನ್ನುವವರೂ ಇವರೇ! ಇಂಥವರಿಗೆ ಏನನ್ನೋಣ? ಆಕೆ ಅಂದದ್ದನ್ನು ಇಲ್ಲಿ ಬರೆಯುವಂತಿಲ್ಲ. ಬೆಂಚಿನ ಮೇಲಿದ್ದ ಹೆಂಗಸು ಹಲ್ಲುನೋವು ಮರೆತು ಕಣ್ಣರಳಿಸಿದರು ಎಂದರೆ ಸಾಕು.

ಆ ಎರಡು ಸಾಲನ್ನು ಆಕೆ ಪ್ರಶ್ನೆಗೆ ವಾಪಸು ಹಾಕಿದಳು. ಅವನು ತೆಗೆದ. ಮತ್ತೆ ಹಾಕಿದಳು, ಮತ್ತೆ ತೆಗೆದ. ಕೊನೆಗೆ ಮೇಲ್ವಿಚಾರಕರು ಬಂದು ಇಬ್ಬರಿಗೂ ಸಮನಾಗಿ ಬುದ್ಧಿ ಹೇಳಿ, ಪ್ರಶ್ನೆಯನ್ನು ಯಾರೂ ತಿದ್ದದಂತೆ ಮಾರನೆಯ ಬೆಳಗಿನವರೆಗೆ ಬೀಗ ಹಾಕಿದರು. ಬೀಗ ಬೀಳುವಾಗ ಉಳಿದದ್ದು ಚೊಕ್ಕ ರೂಪ. ಆಕೆಯ ಉತ್ತರ ವಿರೋಧದ ಮತದ ಭಾರಕ್ಕೆ ಪುಟದ ತಳಕ್ಕಿಳಿದು, ಅಕ್ಷರ ಮಸುಕಾಗಿ, ಕಣ್ಣು ಕಿರಿದು ಮಾಡಿದರಷ್ಟೇ ಓದುವ ಹಾಗಿತ್ತು.

ಸಂಜೆ ಮನೆಗೆ ಬಂದವಳು ಚಪ್ಪಲಿಯನ್ನು ಒಂದಿಲ್ಲಿ ಒಂದಲ್ಲಿ ಬಿಟ್ಟು ಒಳಗೆ ಹೋದಳು. ಅತ್ತೆ ಟಿವಿ ಸದ್ದು ಕಡಿಮೆ ಮಾಡಿದರು.

“ಏನೇ, ನಿನ್ನ ಪಂಚಾಯ್ತೀಲಿ ಇವತ್ತು ಯಾರ ತಲೆ ಹೋಯ್ತು?”

“ಇನ್ನೂ ಹೋಗಿಲ್ಲ ಅತ್ತೆ. ಹೋಗೋದ್ರಲ್ಲಿದೆ” ಎಂದು ಆಕೆ ಎಲ್ಲವನ್ನೂ ಹೇಳಿದಳು.

ಗಂಡ ಕೇಳಿಸಿಕೊಂಡು, “ಬಿಡೇ ಅತ್ಲಾಗೆ. ಎಲ್ಲೋ ಯಾರೋ. ನೀನು ಹೇಳೋದು ಹೇಳಿದೀಯ, ಇನ್ನು ಅವರ ಹಣೇಬರಹ” ಎಂದ.

“ಹಣೇಬರಹ ಅಲ್ಲ ರೀ! ಅವನು ಬರೆದಿದ್ದ. ಹಣೇಲಲ್ಲ, ಪ್ರಶ್ನೇಲಿ ಬರೆದಿದ್ದ. ಅಳಿಸಿದ್ದು ಇವರು!”

ಅತ್ತೆ ಟಿವಿಯನ್ನು ಪೂರ್ತಿ ಬಂದ್ ಮಾಡಿದರು. “ಅಲ್ಲಾ ಕಣೇ, ಅಷ್ಟೂ ಜನ ಓದ್ಬಲ್ಲವರು ಕೂತಿದ್ದು, ಆ ಹುಡುಗಿ ಗೋಡೆ ಹಿಡ್ಕೊಂಡು ಬಂದ್ಳು ಅನ್ನೋದು ಒಬ್ರ ಕಣ್ಣಿಗೂ ಬೀಳ್ಲಿಲ್ವಾ?” ಎಂದು ಕೇಳಿದರು. ಅವರು ಸೊಸೆಯ ಪಕ್ಷ ವಹಿಸಿದ್ದು ಅಪರೂಪ. ಅವತ್ತು ಆಕೆ ಮುಖ ತೊಳೆಯಲು ಹೋದವಳು ಬಚ್ಚಲ ಕಿಟಕಿಯನ್ನು ಅಗಲಕ್ಕೆ ತೆರೆದಿಟ್ಟು ಬಂದಳು. ಥಂಡಿ ಗಾಳಿ ಮನೆಯೆಲ್ಲ ನುಗ್ಗಿತು. ಚಳಿ ಎಂದರೆ ಗೊಣಗುವ ಅತ್ತೆ ಶಾಲು ಹೊದ್ದು ಕೂತರೇ ಹೊರತು ಮುಚ್ಚು ಅನ್ನಲಿಲ್ಲ.

ಮರುದಿನ ಕ್ಲಿನಿಕ್ಕಿನ ಬಾಗಿಲು ತೆರೆದು, ಕಸ ಕೂಡ ಗುಡಿಸದೆ ಕಂಪ್ಯೂಟರ್ ಹಚ್ಚಿದಳು. ತನ್ನ ಮಸುಕಾದ ಉತ್ತರದ ಕೆಳಗೆ ಹೊಸಬ ಬರೆದಿದ್ದ:

“ಇಕ್ಕಳ ಅವರೇ, ನಿನ್ನೆ ಸಂಜೆ ಕೆಲಸದಿಂದ ಬಂದು ತಿರುಗಣೆ ತಿರುಗಿಸಿದೆ. ಬಿಸಿ ಕಡಿಮೆ ಮಾಡಿದ್ದೇನೆ, ಇನ್ನು ಭಯವಿಲ್ಲ ಹೋಗು ಅಂತ ನಾನೇ ಅವಳನ್ನು ಸ್ನಾನಕ್ಕೆ ಕಳಿಸಿದೆ. ಆಮೇಲೆ ಫೋನು ತೆಗೆದರೆ ಇನ್ನೊಂದು ಉತ್ತರ ಬಂದಿದೆ ಅಂತ ತೋರಿಸಿತು. ನಿಮ್ಮದು ಓದಿ ಕೂಗಿದೆ. ಅವಳು ಓಗೊಡಲಿಲ್ಲ. ಬಾಗಿಲು ಮುರಿದೆ. ನೆಲದ ಮೇಲೆ ಬಿದ್ದಿದ್ದಳು. ಆಸ್ಪತ್ರೆಯಲ್ಲಿದ್ದೇವೆ. ಈಗ ಮಾತಾಡುತ್ತಿದ್ದಾಳೆ. ಇನ್ನೂ ತಡವಾಗಿದ್ದರೆ ಕಷ್ಟವಿತ್ತು ಅಂತ ಇಲ್ಲಿನ ಡಾಕ್ಟರು ಅಂದರು. ಒಂದು ಮಾತು ಕೇಳಬೇಕು. ತಲೆಸುತ್ತು, ಕಿಟಕಿ ಎಲ್ಲಾ ನಾನು ಬೆಳಿಗ್ಗೆಯೇ ಬರೆದಿದ್ದೆನಲ್ಲ? ಈಗ ನೋಡಿದರೆ ನನ್ನ ಪ್ರಶ್ನೆಯಲ್ಲಿ ಅದಿಲ್ಲ. ನಾನೇ ಏನಾದರೂ ತಪ್ಪಾಗಿ ಒತ್ತಿಬಿಟ್ಟೆನಾ?”

ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು ಕೆಳಗೆ ಓದಿದಳು. ಅಚ್ಚುಕಟ್ಟು ಆಗಲೇ ಅವನಿಗೆ ಮಾರುತ್ತರ ಕೊಟ್ಟಿದ್ದ: “ಅನಗತ್ಯ ವಿವರ ತೆಗೆಯುವುದು ಇಲ್ಲಿನ ರೂಢಿ. ನಿಮ್ಮ ಪತ್ನಿಗೆ ಬೇಗ ಗುಣವಾಗಲಿ.”

ಅನಗತ್ಯ! ಹೆಣ್ಣೊಬ್ಬಳು ಬಚ್ಚಲ ನೆಲದ ಮೇಲೆ ಬಿದ್ದ ಮೇಲೂ ಅನಗತ್ಯ! ಆಕೆ ಒಳಕೋಣೆಗೆ ಹೋಗಿ ಅವನ ಏಳು ತಲೆಮಾರನ್ನು ಸೇರಿಸಿ ಉದ್ದಕ್ಕೆ ಬರೆದಳು. ಬರೆದು ಮುಗಿದ ಮೇಲೆ ಅಳಿಸಿದಳು. ಹೆದರಿ ಅಲ್ಲ, ಇನ್ನೊಂದು ‘ಕಣಯ್ಯಾ’ಕ್ಕೆ ಉಳಿದ ಹಕ್ಕೂ ಹೋದರೆ, ಮಾಡಬೇಕಾದ ಕೆಲಸ ಹಾಗೇ ಉಳಿದುಹೋಗುತ್ತಿತ್ತು.

ಮೊದಲು ಆ ಹೊಸಬನಿಗೆ ಬರೆದಳು: “ನೀವು ಏನೂ ತಪ್ಪಾಗಿ ಒತ್ತಲಿಲ್ಲಣ್ಣ. ನೀವು ಎಲ್ಲಾ ಸರಿಯಾಗೇ ಹೇಳಿದ್ರಿ. ನಾವು ಕೇಳಿಸ್ಕೊಳ್ಳಲಿಲ್ಲ.”

ಅಷ್ಟರಲ್ಲಿ ಪ್ರಶ್ನೆಯ ಬೀಗ ಬಿಟ್ಟಿತ್ತು. ಹಿಂದಿನ ರೂಪಕ್ಕೆ ಹೋಗಿ, ಅವನ ಎರಡು ಸಾಲುಗಳನ್ನು ಅವನು ಬರೆದ ಹಾಗೇ ಎತ್ತಿ ತಂದು, ಇದ್ದ ಜಾಗದಲ್ಲೇ ಕೂರಿಸಿದಳು. ಬಾಗಿಲಲ್ಲಿ ಡಾಕ್ಟರು ಬಂದು ನಿಂತು, “ಏನಮ್ಮಾ, ಉಳಿದಳಾ?” ಎಂದರು.

“ಉಳಿದಳು ಡಾಕ್ಟ್ರೇ.”

“ಮತ್ತೆ ಇನ್ನೇನು ಕುಟ್ತಾ ಇದೀಯ?”

“ಅವರು ತೆಗೆದಿದ್ದನ್ನ ವಾಪಸು ಹಾಕ್ತಿದೀನಿ. ಮತ್ತೆ ತೆಗೀಲಿ, ಮತ್ತೆ ಹಾಕ್ತೀನಿ. ನೋಡೇಬಿಡೋಣ.”

ತಿದ್ದಿದ್ದು ಉಳಿಯಬೇಕಾದರೆ ಕೊನೆಯ ಚೌಕದಲ್ಲಿ ಕಾರಣ ಬರೆಯಲೇಬೇಕು. ಹಿಂದಿನ ದಿನ ಅವನು ‘ಮನೆಯ ಕಥೆ’ ಎಂದು ಬರೆದದ್ದು ಆ ಚೌಕದಲ್ಲೇ. ಆಕೆ ಎರಡೇ ಎರಡು ಪದ ಒತ್ತಿದಳು: “ಪ್ರಶ್ನೆ ಇದೇ.”